ಸೊಸೆಯ ನಂಬರು ಊರಿಗೆಲ್ಲ ಹಂಚಿದ ಭೂದೇವಮ್ಮ

ಮನೆಯಲ್ಲೊಬ್ಬರು ನರ್ಸೋ ಮೇಷ್ಟ್ರೋ ಆದರೆ ಊರಿಗೆ ಹೇಳದೆ ಇರಲು ಯಾರಿಂದಾಗುತ್ತದೆ? ಬಶೀರಾಬಾದಿನ ಭೂದೇವಮ್ಮನಿಂದಲಂತೂ ಆಗಲಿಲ್ಲ. ಅದು ಕೊರೊನಾ ಎರಡನೇ ಅಲೆಯ ಕಾಲ. ಸೊಸೆ ಶಿಲ್ಪಾರಾಣಿ ಸಹಾಯವಾಣಿಯಲ್ಲಿ ಆಪ್ತಸಮಾಲೋಚಕಿ. ಅಂದರೆ ಹೆದರಿದವರು, ನೊಂದವರು ಫೋನ್ ಮಾಡಿದರೆ ಅವರ ಮಾತು ಕೇಳಿ ಮನಸ್ಸು ಹಗುರ ಮಾಡುವ ಕೆಲಸ. ಲಾಕ್‌ಡೌನ್ ಆದ ಮೇಲೆ ಆ ಕೆಲಸ ಮನೆಗೇ ಬಂದು ಜೋಳದ ಚೀಲದ ಕೋಣೆಯಲ್ಲಿ ಕುಳಿತಿತ್ತು.

"ನಮ್ಮ ಸೊಸಿ ಜರಾ ಮಾತಾಡಿದ್ಲಂದ್ರ ಸಾಕು, ಎಂಥ ದುಃಖ ಇದ್ರೂ ಇಳೀತದ," ಎಂದು ಭೂದೇವಮ್ಮ ರೇಷನ್ ಸಾಲಿನಲ್ಲಿ ಮಾಸ್ಕ್ ಇಳಿಸಿ ಹೇಳಿದಳು. ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಸೊಸೆಯ ಸ್ವಂತ ನಂಬರನ್ನೂ ಕೊಟ್ಟಳು. ನ್ಯಾಲ್ಕಲ್‌ನ ತಂಗಿಗೆ ಕೊಟ್ಟಳು, ತಂಗಿ ತನ್ನ ಓಣಿಗೆ ಕೊಟ್ಟಳು. ನಂಬರು ಕೊರೊನಾಕ್ಕಿಂತ ಜೋರಾಗಿ ಹಬ್ಬಿತು.

ಡ್ಯೂಟಿ ಮುಗಿದ ಮೇಲೂ ಫೋನು. ಒಬ್ಬಳ ಗಂಡ ಆಸ್ಪತ್ರೆಯಲ್ಲಿ. ಇನ್ನೊಬ್ಬಳಿಗೆ ಗಂಟಲು ಕೆರೆದರೂ ಸಾವಿನ ಭಯ. ತಾಂಡೂರಿನ ಅಜ್ಜನೊಬ್ಬನಿಗೆ ಹಲ್ಲುನೋವು. "ಹಲ್ಲಿಂದೇ ಮನಸ್ಸಿಗಿ ಬ್ಯಾನಿ ಆಗ್ಯಾದವ್ವ," ಎಂದು ಅವನು ಗಂಟೆಗಟ್ಟಲೆ ಮಾತಾಡಿದ. ಶಿಲ್ಪಾಳ ತಟ್ಟೆಯಲ್ಲಿ ರೊಟ್ಟಿ ಒಣಗಿ ಹಪ್ಪಳವಾಯಿತು.

ಸೊಸೆ ಬದಲಾದದ್ದು ಮೊದಲು ತಿಳಿದದ್ದು ಊಟಕ್ಕೆ ಕುಳಿತಾಗ. ಮಗ ಅಮರ್ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಿಷನ್ ನಡೆಸುವವನು. "ಪಲ್ಯಕ್ಕ ಉಪ್ಪು ಹಾಕಿಲ್ಲೇನು?" ಎಂದ.

ಶಿಲ್ಪಾ ಗೋಡೆ ನೋಡುತ್ತ ಹೇಳಿದಳು: "ನಿಮ್ಮ ತಕಲೀಫು ನನಗ ತಿಳೀತದ್ರಿ. ಉಪ್ಪಿಲ್ಲಂದಾಗ ಮನಸ್ಸಿಗಿ ಏನನಿಸ್ತದ, ಸಾವಕಾಶ ಹೇಳ್ರಿ."

ಅಮರ್ ತಾಯಿಯ ಕಡೆ ತಿರುಗಿದ. "ಯವ್ವಾ, ನಾ ಬರೇ ಉಪ್ಪು ಕೇಳ್ದೆ."

ತಾಯಿ ಮಗ ಇಬ್ಬರೂ ನಕ್ಕರು, ಶಿಲ್ಪಾ ನಗಲಿಲ್ಲ. ಮಲಗಿದರೆ ನಿದ್ದೆಯಿಲ್ಲ, ಎದ್ದರೆ ತಲೆನೋವು. ಮಗಳು ಪ್ರಣೀತಾ ಹತ್ತಿರ ಬಂದರೆ ಸಿಡುಕು. ಒಂದು ಮಧ್ಯಾಹ್ನ ಫೋನಿಟ್ಟು ಹೊರಗೆ ಬಂದಳು.

"ಅತ್ತೀ, ಗಂಡನ್ನ ಕಳಕೊಂಡಾಕಿ ಒಬ್ಬಾಕಿ ಅಳಾಕತ್ತಿದ್ಲು. ನನಗ ಏನೂ ಅನಿಸ್ಲಿಲ್ಲ. ಇದ್ಯಾವಾಗ ಮುಗೀತದ ಅಂತ ಕುಂತಿದ್ದೆ. ನಾ ಈ ಕೆಲಸಕ್ಕ ಲಾಯಕ್ ಇಲ್ಲ. ನಾಳಿಗಿ ಬಿಟ್ಟುಬಿಡ್ತೀನಿ."

ಸೊಸೆ ಎಷ್ಟು ಆಸೆಪಟ್ಟು ಓದಿ ಹಿಡಿದ ಕೆಲಸ. ಇದು ದೃಷ್ಟಿಯೇ ಎಂದು ಭೂದೇವಮ್ಮ ತೀರ್ಮಾನಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿ ತಾಗಿದ್ದರೆ ಘಾಟು ಏಳುವುದಿಲ್ಲ ಎಂಬುದು ಹಿರಿಯರ ಲೆಕ್ಕ. ಘಾಟು ಎದ್ದಿತು. ಸೊಸೆ ಕೆಮ್ಮಿದಳು, ಮಗ ಕೆಮ್ಮಿದ, ಮೊಮ್ಮಗಳು ಕೆಮ್ಮಿದಳು, ಭೂದೇವಮ್ಮ ಕೆಮ್ಮುತ್ತಲೇ ಅಂಗಳಕ್ಕೆ ಓಡಿದಳು. ಒಂದು ಕೆಮ್ಮಿಗೇ ಓಣಿ ಖಾಲಿಯಾಗುತ್ತಿದ್ದ ಕಾಲವದು. ಪಕ್ಕದ ಮನೆಯ ಬಂಡೆಪ್ಪ ಧಡಧಡ ಕಿಟಕಿ ಮುಚ್ಚಿದ.

"ಭೂದೇವಕ್ಕಾ, ಎಲ್ಲಾರಿಗೂ ಬಂತೇನು?" ಎಂದು ಒಳಗಿಂದಲೇ ಕೇಳಿದ.

"ಕೊರೊನಾ ಅಲ್ಲೋ, ಮೆಣಸಿನಕಾಯಿ."

"ಮೊದಲಿಗಿ ಎಲ್ಲಾರೂ ಹಂಗೇ ಅಂತಾರ. ಹೆದರಬ್ಯಾಡ್ರಿ, ಸಹಾಯವಾಣಿಗಿ ಫೋನ್ ಮಾಡ್ರಿ. ನಿಮ್ಮ ಸೊಸಿ ಎತ್ತತಾಳ, ಧೈರ್ಯ ಹೇಳ್ತಾಳ."

ಭೂದೇವಮ್ಮ ನಿಂತಲ್ಲೇ ಯೋಚಿಸಿದಳು. ಊರಿಗೆ ಧೈರ್ಯ ಹೇಳುವುದು ಸೊಸೆ, ಸೊಸೆಗೆ ಯಾರು? ಹಿತ್ತಿಲಿಗೆ ಹೋಗಿ ಸಹಾಯವಾಣಿಗೇ ಫೋನ್ ಹಚ್ಚಿದಳು.

"ನಮಸ್ಕಾರ್ರಿ, ನಾ ಮಾಧುರಿ, ಜಹೀರಾಬಾದಿನಿಂದ. ಏನು ತ್ರಾಸು ಅದ, ಹೇಳ್ರಿ."

"ಬಶೀರಾಬಾದಿನಿಂದ ಮಾತಾಡಾಕತ್ತೀನಿ, ನಮ್ಮ ಸೊಸಿಗಿ ಆರಾಮಿಲ್ಲವ್ವ. ಉಣ್ಣಲ್ಲ, ನಿದ್ದಿ ಮಾಡಲ್ಲ, ಯಾರು ಅತ್ರೂ ಏನೂ ಅನಿಸಲ್ಲಂತಾಳ. ದೃಷ್ಟಿ ತೆಗದ್ರೂ ಇಳೀಲಿಲ್ಲ."

"ಏನು ಕೆಲಸ ಮಾಡ್ತಾರಮ್ಮ?"

"ನಿಂದೇ."

ಬಶೀರಾಬಾದಿನಲ್ಲಿ ಆ ಕೆಲಸ ಮಾಡುವವಳು ಒಬ್ಬಳೇ ಎಂದು ಮಾಧುರಿಗೆ ಗೊತ್ತಿತ್ತು. "ಶಿಲ್ಪಕ್ಕನ ಅತ್ತ್ಯಾರೇನ್ರಿ? ನನಗೂ ಹಿಂಗೇ ಆಗಿತ್ತು. ಇದು ದೃಷ್ಟಿ ಅಲ್ಲರಿ, ಮನಸ್ಸಿನ ದಣಿವು. ಬ್ಯಾರೆಯವರ ನೋವು ಕೇಳಿ ಕೇಳಿ ಒಳಗ ಬರಿದಾಗ್ತದ. ಏನೂ ಅನಿಸಲ್ಲ ಅಂದ್ರ ಆಕಿ ಕಲ್ಲಾದ್ಲಂತಲ್ಲ, ದಣಿದಾಳಂತ. ಅಲ್ಲರಿ, ಡ್ಯೂಟಿ ಮುಗಿದ ಮ್ಯಾಲ ಫೋನ್ ಬಂದ್ ಇಡ್ತಾರಲ್ಲ?"

"ಆಕಿ ಸ್ವಂತ ನಂಬರಿಗಿ ಬರ್ತಾವಲ್ಲವ್ವ."

"ಅದನ್ನ ಕೊಡಬಾರ್ದಂತ ನಮಗ ಹೇಳ್ಯಾರ. ಯಾರು ಕೊಟ್ರು?"

ಭೂದೇವಮ್ಮ ಫೋನನ್ನು ಕಿವಿಯಿಂದ ತುಸು ದೂರ ಹಿಡಿದಳು. "ಲೈನ್ ಬರಾಬರಿ ಇಲ್ಲವ್ವ."

"ನನಗ ಬರಾಬರಿ ಕೇಳಾಕತ್ತದ," ಎಂದಳು ಮಾಧುರಿ. "ನಮ್ಮ ಮಾತು ಕೇಳಾಕ ಹಿರಿಯ ಡಾಕ್ಟರ್ ವಾರವಾರ ಫೋನಿನ್ಯಾಗ ಕೂಡ್ತಾರ. ಶಿಲ್ಪಕ್ಕ ಬರೋದೇ ಬಿಟ್ಟಾಳ. ಇವತ್ತು ಸಂಜಿಗಿ ಕೂಡಸ್ರಿ."

ಶಿಲ್ಪಾ ಒಪ್ಪಲಿಲ್ಲ. "ಜನ ಜೀವ ಹಿಡ್ಕೊಂಡು ಕುಂತಾರ, ನಾ ರಜಾ ಹಾಕಿ ಮಲಗ್ಲೇನು?"

ಅಮರ್ ಹೇಳಿದ: "ಕಲ್ಲು ಕೊಯ್ಯೋ ಬ್ಲೇಡಿನ ಮ್ಯಾಲ ನಾವು ನೀರು ಬಿಡ್ತಾನೇ ಇರ್ತೀವಿ. ಅರ್ಜೆಂಟ್ ಅದ ಅಂತ ನೀರು ಬಂದ್ ಮಾಡಿದ್ರ ಬ್ಲೇಡ್ ಸುಡ್ತದ, ಕಲ್ಲೂ ಕೆಡ್ತದ. ನೀರು ಬಿಡೋದೂ ಕೆಲಸಾನೇ."

"ನನಗ ಬ್ಲೇಡ್ ಅಂತೀರೇನು?"

"ಈ ವಾರ ನಾಲಿಗಿ ಅಂತೂ ಹೌದು."

ಭೂದೇವಮ್ಮ ಸೆರಗು ತಿರುಚುತ್ತ, "ನಂಬರ ನಾನೇ ಕೊಟ್ಟೀನಿ ಶಿಲ್ಪಾ," ಎಂದಳು.

"ಗೊತ್ತದ ಅತ್ತೀ. ಎಲ್ಲಾರೂ 'ಭೂದೇವಕ್ಕ ಕೊಟ್ಟಾಳ' ಅಂತಾನೇ ಶುರು ಮಾಡ್ತಾರ."

ಆ ಸಂಜೆ ಶಿಲ್ಪಾ ಫೋನಿನಲ್ಲಿ ಡಾಕ್ಟರ ಮುಂದೆ ಮಾತು ಶುರು ಮಾಡಿ, ಅತ್ತು, ಮತ್ತೆ ಮಾತಾಡಿದಳು. ಕೆಲವು ದಿನ ರಜೆ ಸಿಕ್ಕಿತು. ಮಗಳ ಜೊತೆ ಹೊಲದ ದಾರಿಯಲ್ಲಿ ನಡೆದಳು, ಬಿಸಿ ರೊಟ್ಟಿ ಉಂಡಳು, ಹಗಲಲ್ಲೂ ಮಲಗಿದಳು. ಭೂದೇವಮ್ಮ ನಂಬರು ಕೊಟ್ಟವರಿಗೆಲ್ಲ ತಾನೇ ಫೋನ್ ಮಾಡಿ ಸಹಾಯವಾಣಿಯ ನಂಬರು ಹೇಳಿದಳು. ಹಲ್ಲಿನ ಅಜ್ಜನಿಗೆ ಹಲ್ಲಿನ ಡಾಕ್ಟರ ವಿಳಾಸ ಕೊಟ್ಟಳು.

ಕೆಲಸಕ್ಕೆ ಮರಳಿದ ದಿನ ಕೋಣೆಯೊಳಗೆ ಶಿಲ್ಪಾಳ ದನಿ ನಡುವೆ ನಿಂತಿತು. ಭೂದೇವಮ್ಮ ಗಾಬರಿಯಿಂದ ಇಣುಕಿದಳು. ಸೊಸೆ ಕಣ್ಣೊರೆಸಿಕೊಂಡು ಮತ್ತೆ ಮೆಲ್ಲಗೆ ಮಾತಾಡುತ್ತಿದ್ದಳು. ಡ್ಯೂಟಿ ಮುಗಿಸಿ, ಫೋನ್ ಬಂದ್ ಮಾಡಿ ಹೊರಬಂದು ಹೇಳಿದಳು:

"ಅತ್ತೀ, ಇವತ್ತು ಫೋನಿನ್ಯಾಗ ಒಬ್ಬಾಕಿ ಅತ್ತಾಗ ನನಗೂ ಸಂಕಟ ಅನಿಸ್ತು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಊರಿನ ನೋವು ಹೊರುವವರು ಇರಬಹುದು: ನರ್ಸು, ಆಶಾ ಕಾರ್ಯಕರ್ತೆ, ಸಮಾಲೋಚಕರು. ಅವರು ಊಟ ಬಿಟ್ಟರೆ, ನಿದ್ದೆಗೆಟ್ಟರೆ, ಸುಮ್ಮನೆ ಸಿಡುಕಿದರೆ ಬೈಯಬೇಡಿ, ಪಕ್ಕದಲ್ಲಿ ಕೂತು ಕೇಳಿ. ಅವರ ಬಿಡುವಿನ ಹೊತ್ತನ್ನು ನೀವೇ ಕಾಯಿರಿ. ನೀವೇ ಆ ಕೆಲಸದಲ್ಲಿದ್ದರೆ, ದಣಿದೆ ಎಂದು ಹೇಳಲು ನಾಚಬೇಡಿ. ಮನಸ್ಸು ಭಾರವಾದ ಯಾರೇ ಆಗಲಿ, ಯಾವ ಹೊತ್ತಿನಲ್ಲೂ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಬೇಕಿಲ್ಲ. ಈ ನಂಬರನ್ನು ಊರಿಗೆಲ್ಲ ಹಂಚಿ.