ಸಾಹಿತ್ಯಳ ದ್ರಾಕ್ಷಿ ತೋಟದ ವರದಿ

ಭಾನುವಾರ ಬೆಳಗ್ಗೆ ತ್ಯಾಗರಾಜ ಮಗಳ ವರದಿಯನ್ನು ಮೂರನೇ ಸಲ ವಾಪಸ್ಸು ಕೊಟ್ಟ. "ಸರಿ ಆಗಿಲ್ಲ. ಇನ್ನೂ ಚಲೋ ಮಾಡು," ಎಂದ. ಏಳನೇ ತರಗತಿಯ ಸಾಹಿತ್ಯ ಹಾಳೆಗಳನ್ನು ಅಲ್ಲೇ ಹರಿದು ಹಾಕಿದಳು.

"ನಂಗ ಬರಂಗಿಲ್ಲ ಪಪ್ಪಾ. ನಾಳಿ ನಾ ಸಾಲಿಗೆ ಹೋಗಂಗಿಲ್ಲ."

ತ್ಯಾಗರಾಜ ಧಾರವಾಡದ ಕಡೆಯವನು. ನಾಸಿಕದ ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುವುದು ಅವನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವನ ಕಣ್ಣಿಗೆ ಬೀಳದೆ ಇರುವುದಿಲ್ಲ. ಆ ಕಣ್ಣನ್ನು ಮನೆಗೂ ತಂದದ್ದೇ ಪೇಚಾಯಿತು. ಶಾಲೆಯಿಂದ ದಿಂಡೋರಿಯ ದ್ರಾಕ್ಷಿ ತೋಟ ನೋಡಿಬಂದ ಮಗಳು 'ತೋಟ ಚೆನ್ನಾಗಿತ್ತು, ಮಜಾ ಬಂತು' ಎಂದಷ್ಟೇ ಬರೆದರೆ ಯಾರಿಗೆ ತಾನೆ ಸಮಾಧಾನ? ಆದರೆ ಏನು ಕಡಿಮೆಯಾಗಿದೆ ಎಂದು ಅವನೂ ಬಿಡಿಸಿ ಹೇಳಲಿಲ್ಲ. ಒಂದು ವಾರದಿಂದ ಹುಡುಗಿ ಪೆನ್ನು ಹಿಡಿಯಲೇ ಹೆದರುತ್ತಿದ್ದಳು. ತಾಯಿ ಜಲಜಾ ಸಂಕಟ ತಡೆಯಲಾರದೆ ಪಕ್ಕದ ಮನೆಯ ಭಾಗ್ಯಶ್ರೀ ಟೀಚರನ್ನು ಕರೆತಂದಳು.

ಭಾಗ್ಯಶ್ರೀ ಕುಳಿತವರೇ ಕೇಳಿದರು, "ಅಣ್ಣಾರ, ನಿಮ್ಮ ಕಾರ್ಖಾನ್ಯಾಗ ಹೊಸಾ ಹುಡುಗ ಬಂದ್ರ ಮೊದಲ ದಿನ ಏನ್ ಮಾಡ್ತೀರಿ?"

"ಪಾಸ್ ಆದ ಪೀಸ್ ಒಂದು, ರಿಜೆಕ್ಟ್ ಆದದ್ದು ಒಂದು ಕೈಯಾಗ ಕೊಡ್ತೀನ್ರಿ. ಎರಡೂ ಮುಟ್ಟಿ ನೋಡು, ಫರಕ್ ಏನದ ಹೇಳು ಅಂತೀನಿ."

"ಏನೂ ತೋರಿಸದನ ಅವನ ಕೆಲಸ ರಿಜೆಕ್ಟ್ ಮಾಡಿದ್ರ?"

"ಅದು ಅನ್ಯಾಯ ಆಗ್ತದರಿ," ಎಂದವನ ಕಣ್ಣು ನೆಲದ ಮೇಲಿನ ಹರಿದ ಹಾಳೆಗಳ ಮೇಲೆ ಬಿತ್ತು. ಆದರೂ ಅಷ್ಟು ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. "ಮಕ್ಕಳಿಗೆ ನಮೂನಾ ತೋರಿಸಿದ್ರ ಹಂಗಿಂದಂಗ ಕಾಪಿ ಹೊಡಿತಾವಲ್ರಿ ಟೀಚರ್?"

"ಅದಕ್ಕ ಬ್ಯಾರೆ ವಿಷಯದ್ದು ತೋರಿಸಬೇಕು. ಅದೂ ಒಂದಲ್ಲ, ಎರಡು."

ಅವರು ತಮ್ಮ ಮನೆಯಿಂದ ಎರಡು ಹಳೆಯ ವರದಿ ತಂದರು. ಯೇವಲಾದಲ್ಲಿ ಪೈಠಣಿ ಸೀರೆ ನೇಯುವುದನ್ನು ನೋಡಿಬಂದ ಮಕ್ಕಳು ಬರೆದವು. ಹೆಸರು ಕಾಣದಂತೆ ಕಾಗದ ಅಂಟಿಸಿದ್ದರು. "ಯಾವುದು ಚಲೋ ಅದ, ಯಾಕ ಅಂತ ನೀನ ಹೇಳು, ಸಾಹಿತ್ಯ. ನಾವು ಬಾಯಿ ಮುಚ್ಕೊಂಡು ಕೂಡ್ತೀವಿ."

ಬಾಯಿ ಮುಚ್ಚಿಕೊಂಡು ಕೂಡುವುದು ತ್ಯಾಗರಾಜನಿಗೆ ಸಣ್ಣ ಕೆಲಸವಲ್ಲ. ಜಲಜಾ ಕಣ್ಣಲ್ಲೇ ಗದರಿಸಿ ಕೂಡಿಸಿದಳು.

ಸಾಹಿತ್ಯ ಮೊದಲು ದುಂಡು ಅಕ್ಷರದ ವರದಿಯನ್ನೇ ಎತ್ತಿಕೊಂಡಳು. ಓದುತ್ತ ಓದುತ್ತ ಅದನ್ನು ಕೆಳಗಿಟ್ಟಳು. "ಇದರಾಗ ಅಕ್ಷರ ಮಸ್ತ ಅವ. ಆದ್ರ ಬರೇ ಸುಂದರ, ಸುಂದರ ಅಂತ ಬರದಾರ. ಇನ್ನೊಂದರಾಗ ಖರೇನ ನೋಡಿ ಬರದಾರ. ಸೆರಗಿನ ನವಿಲು ನೇಯಾಕ ಎಷ್ಟು ದಿನ ಬೇಕು ಅಂತ ನೇಯೋ ಕಾಕಾಗ ಕೇಳ್ಯಾರ. ಓದಿದ್ರ ಅಲ್ಲೇ ಕೂತಂಗ ಆಗ್ತದ."

"ನೀ ಹೋದ ತೋಟದಾಗ ಅಂಥಾದ್ದು ಏನ್ ನೋಡ್ದಿ?" ಭಾಗ್ಯಶ್ರೀ ಕೇಳಿದರು.

"ಗೊಂಚಲಿಗೆಲ್ಲಾ ಪೇಪರ್ ಸುತ್ತಿದ್ರು ಟೀಚರ್. ಯಾಕ ಅಂತ ಕೇಳ್ದೆ. ಥಂಡಿಗೆ ಹಸಿರು ದ್ರಾಕ್ಷಿ ಗುಲಾಬಿ ಬಣ್ಣಕ್ಕ ತಿರುಗಿದ್ರ ಹೊರಗಿನ ದೇಶದವರು ತಗೊಳ್ಳಂಗಿಲ್ಲಂತ. ತೋಟದಾಗ ಕೆಲಸ ಮಾಡೋ ಮಾವಶಿ ಹೇಳಿದ್ರು."

ತ್ಯಾಗರಾಜನಿಗೆ ತಡೆಯಲಾಗಲಿಲ್ಲ. "ಇಷ್ಟೆಲ್ಲಾ ಗೊತ್ತಿದ್ದು ಮೊದಲ ಯಾಕ ಬರೀಲಿಲ್ಲ?"

"ಇಂಥಾದ್ದು ಬರೀಬೇಕು ಅಂತ ಗೊತ್ತಿರಲಿಲ್ಲ ಪಪ್ಪಾ. ನೀವು ಹೇಳಿರಲಿಲ್ಲ."

ಆ ಮಾತು ಎದೆಗೆ ನಾಟಿತು. ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ಊರವರ ಮಕ್ಕಳಿಗೆ ತಾಳ್ಮೆಯಿಂದ ತೋರಿಸಿಕೊಟ್ಟವನು ಸ್ವಂತ ಮಗಳಲ್ಲಿ ಬರೀ ತಪ್ಪು ಹುಡುಕಿದ್ದ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಊಟದ ಹೊತ್ತಿಗೆ ಹೊಸ ವರದಿ ಮುಗಿಯುತ್ತ ಬಂತು. ತ್ಯಾಗರಾಜ ಓದಲು ಕೈ ಚಾಚಿದ. ಸಾಹಿತ್ಯ ಹಾಳೆಯ ಮೇಲೆ ಅಂಗೈ ಇಟ್ಟಳು.

"ತಡೀರಿ ಪಪ್ಪಾ. ಇಲ್ಲೊಂದು ಸಾಲು ಬರೇ 'ಛಂದ ಇತ್ತು' ಅಂತ ಅದ. ಅಲ್ಲಿ ಏನ್ ನೋಡ್ದೆ ಅಂತ ಬರದು ಕೊಡ್ತೀನಿ."

ಅವನು ಹಿಡಿಯಬೇಕಿದ್ದ ತಪ್ಪನ್ನು ಅವಳೇ ಹಿಡಿದಿದ್ದಳು. ತ್ಯಾಗರಾಜ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ಕಾಯುತ್ತ ಕುಳಿತ.

ಪಾಲಕರೇ, ಶಿಕ್ಷಕರೇ, ಮಗು ಕೆಲಸ ಶುರುಮಾಡುವ ಮೊದಲೇ ಒಳ್ಳೆಯ ಕೆಲಸ ಹೇಗಿರುತ್ತದೆ ಎಂದು ತೋರಿಸಿ. ಬೇರೆ ವಿಷಯದ ಎರಡು ಮಾದರಿ ಸಾಕು. ಯಾವುದು ಮೇಲು, ಏಕೆ ಎಂಬುದು ಮಗುವಿನ ಬಾಯಿಂದಲೇ ಬರಲಿ. ತಡವರಿಸಿದರೆ ಕಾಯಿರಿ. ಇವತ್ತು ನಿಮ್ಮ ಮನೆಯಲ್ಲಿ ನೋಟ್‌ಬುಕ್ ತೆರೆದು ಕುಳಿತ ಮಗುವಿನ ಪಕ್ಕ ನೀವೂ ಹೋಗಿ ಕುಳಿತುಕೊಳ್ಳಿ.