ಭಾವನ ಬೋಣಿ

ನಮ್ಮ ಭಾವನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಫ್ಯಾನು, ಫ್ರಿಜ್ಜು ಮಾರುವ ಅಂಗಡಿ ಅವರದು. ಆದರೆ ಹಲ್ಲುನೋವಿನ ಔಷಧಿಯಿಂದ ಹಿಡಿದು ವಿಮಾನ ಇಳಿಸುವವರೆಗೆ ಸಲಹೆ ಪುಕ್ಕಟೆ. ಅಕ್ಕನ ಗೊಂಬೆ ವ್ಯಾಪಾರಕ್ಕೆ ಕಾರ್ಡಿನಲ್ಲಿ ಹಣ ತೆಗೆದುಕೊಳ್ಳುವ ವ್ಯವಸ್ಥೆ ಆಗಬೇಕು ಅಂದಾಗ ಅವರು ತೋಳೇರಿಸಿಕೊಂಡು ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಅಕ್ಕ ಮಕ್ಕಳ ಫೋಟೋ ನೋಡಿ ಅದೇ ಮುಖದ ಬಟ್ಟೆ ಗೊಂಬೆ ಹೊಲಿಯುತ್ತಾಳೆ. ಮೂಗಿನ ಪಕ್ಕದ ಮಚ್ಚೆ, ಬಿದ್ದುಹೋದ ಮುಂದಿನ ಹಲ್ಲು, ಒಂದು ಕಡೆ ಜಾರಿದ ಕ್ಲಿಪ್ಪು, ಯಾವುದೂ ತಪ್ಪುವುದಿಲ್ಲ. ಆದರೆ ಹಗಲೆಲ್ಲ ಅವಳು ಭಾವನ ಅಂಗಡಿಯ ಗಲ್ಲಾದಲ್ಲಿ ಕೂರಬೇಕು, ಉಳಿದ ಹೊತ್ತಿನಲ್ಲಿ ಹೊಲಿಗೆ. ಗೊಂಬೆ ವ್ಯಾಪಾರ ತನ್ನ ಕಾಲ ಮೇಲೆ ನಿಂತರೆ ಗಲ್ಲಾ ಬಿಡಬಹುದು ಎಂದು ಭಾವ ಎಲ್ಲರೆದುರು ಮಾತು ಕೊಟ್ಟಿದ್ದರು. ನಿಲ್ಲುವುದಿಲ್ಲ ಎಂಬ ಧೈರ್ಯದ ಮೇಲೆ ಕೊಟ್ಟ ಮಾತು ಅದು.

ಆದರೆ ನಿಲ್ಲುವ ಲಕ್ಷಣ ಕಂಡಿತು. ಒಬ್ಬ ನಾಟಕದ ಟೀಚರ್ ನಮ್ಮ ವೆಬ್‌ಸೈಟ್ ನೋಡಿ, ತಮ್ಮ ತಂಡದ ಅಷ್ಟೂ ಮಕ್ಕಳ ಗೊಂಬೆ ಬೇಕು ಎಂದರು. ಷರತ್ತು ಒಂದೇ: ಶಾಲೆಯವರು ಕಾರ್ಡಿನಲ್ಲೇ ಕೊಡುತ್ತಾರೆ, ಅದೂ ಬೇಗ ಆಗಬೇಕು. ವೆಬ್‌ಸೈಟ್ ಮಾಡಿಕೊಟ್ಟವಳು ನಾನೇ. ಗಿರಾಕಿಯ ಕಾರ್ಡಿನಿಂದ ಹಣ ಪಡೆದು ನಮ್ಮ ಬ್ಯಾಂಕಿಗೆ ಹಾಕಿಕೊಡುವ ಒಂದು ಕಂಪನಿಗೆ ಅರ್ಜಿ ತುಂಬಲು ಕೂತೆ. ಮಾಲೀಕರ ಹೆಸರು ಎನ್ನುವಲ್ಲಿಗೆ ಬಂದಾಗ ಭಾವ ಕುರ್ಚಿ ಎಳೆದುಕೊಂಡರು.

"ನನ್ನ ಹೆಸರು ಹಾಕು. ಬ್ಯಾಂಕ್ ಖಾತೆನೂ ಅಂಗಡೀದೇ ಹಾಕು. ನಮ್ಮ ಅಂಗಡೀಲಿರೋ ಕಾರ್ಡ್ ಮಷೀನೂ ಇದೇ ಕಂಪನೀದು. ನನ್ನ ಮುಖ ನೋಡಿ ಬೇಗ ಒಪ್ಪಿಗೆ ಕೊಡ್ತಾರೆ."

"ಗೊಂಬೆ ಹೊಲಿಯೋದು ಅಕ್ಕ ಅಲ್ವಾ ಭಾವ?"

"ಗಂಡ ಹೆಂಡ್ತಿ ಮಧ್ಯೆ ನಂದು ನಿಂದು ಏನಮ್ಮಾ?"

ನಂದು ನಿಂದು ಇಲ್ಲದ ಮನೆಯಲ್ಲಿ ಎಲ್ಲವೂ ಯಾರದಾಗಿರುತ್ತದೆ ಎಂದು ಬೇರೆ ಹೇಳಬೇಕೆ? ಅಕ್ಕ ಸೂಜಿಗೆ ದಾರ ಪೋಣಿಸುತ್ತಲೇ, "ಹಾಕ್ಬಿಡೇ, ಕೆಲಸ ಆಗ್ಲಿ," ಎಂದಳು. ಹಾಕಿದೆ. ಮೈಯೆಲ್ಲ ಉರಿಯಿತು.

ಒಪ್ಪಿಗೆ ಬಂತು. ಇನ್ನು ಎಲ್ಲ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಬೇಕು. ಅದಕ್ಕೆಂದೇ ಕಂಪನಿ ಒಂದು ಪರೀಕ್ಷೆಯ ಕಾರ್ಡ್ ನಂಬರ್ ಕೊಟ್ಟಿರುತ್ತದೆ, ನಿಜವಾದ ಹಣ ಅಲುಗಾಡುವುದಿಲ್ಲ. ಅದನ್ನು ಹೇಳಿದ್ದಕ್ಕೆ ಭಾವ ನಕ್ಕುಬಿಟ್ಟರು.

"ಸುಳ್ಳು ಕಾರ್ಡಲ್ಲಿ ಯಾರಾದ್ರೂ ಬೋಣಿ ಮಾಡ್ತಾರಾ? ನಮ್ಮ ಮನೆತನದಲ್ಲಿ ಹೊರಗಿನವರ ಕೈಲಿ ಬೋಣಿ ಆಗಿದ್ದೇ ಇಲ್ಲ."

ನಿಜ, ಆ ಮನೆತನದ ರೀತಿಯೇ ಹಾಗೆ. ಯಾರು ಅಂಗಡಿ ತೆರೆದರೂ ಮೊದಲ ದಿನ ನೆಂಟರೆಲ್ಲ ಸಾಲು ನಿಂತು ಕೊಳ್ಳುತ್ತಾರೆ, ಬೀದಿಯವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಸಂಜೆ ಹಿಂಬಾಗಿಲಿನಲ್ಲಿ ಸಾಮಾನು ಮತ್ತೆ ಅಂಗಡಿಗೆ, ದುಡ್ಡು ಮತ್ತೆ ನೆಂಟರಿಗೆ. ಇಂಥ ದೊಂಬರಾಟಕ್ಕೆ ಶುಭ ಎಂದು ಹೆಸರು ಬೇರೆ.

ಆ ಭಾನುವಾರ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾವನ ಚಿಕ್ಕಪ್ಪ, ಸೋದರತ್ತೆ, ಅಕ್ಕನ ಓರಗಿತ್ತಿಯರು, ಅವರ ಮಕ್ಕಳು. ಎಲ್ಲರೂ ಗೊಂಬೆ ಕೊಳ್ಳುವವರೇ, ಎಲ್ಲರ ಕಾರ್ಡ್ ನಂಬರೂ ಭಾವನ ಒಂದೇ ಫೋನಿಗೆ. ಸೋದರತ್ತೆ ಕನ್ನಡಕ ಮರೆತು ಬಂದು, ಕಾರ್ಡಿನ ಹಿಂದಿನ ಗುಟ್ಟಿನ ನಂಬರನ್ನು ಯಾರಿಂದಲೋ ಓದಿಸಿ ಇಡೀ ಮನೆಗೆ ಕೇಳುವಂತೆ ಕೂಗಿದರು. ಚಿಕ್ಕಪ್ಪ ತಪ್ಪು ತಪ್ಪಾಗಿ ಒತ್ತಿ, ಫೋನಿಗೇ ಬೈದು, ಮತ್ತೆ ಒತ್ತಿದರು. ಹಣ ಬಂತು ಎಂದು ಫೋನು ಸದ್ದು ಮಾಡಿದಾಗಲೆಲ್ಲ ಚಪ್ಪಾಳೆ. ಎಲ್ಲ ಮುಗಿದ ಮೇಲೆ ಭಾವ ಅಷ್ಟನ್ನೂ ಒಂದೊಂದಾಗಿ ಅವರವರ ಕಾರ್ಡಿಗೆ ವಾಪಸ್ ಕಳಿಸಿದರು.

"ಭಾವ, ಹೀಗೆ ಮಾಡಿದ್ರೆ ಕಂಪನಿಯವ್ರಿಗೆ ಅನುಮಾನ ಬರುತ್ತೆ," ಎಂದೆ.

"ಅನುಮಾನ ಬರೋಕೆ ನಾವೇನು ಕಳ್ಳರಾ?"

ಕಳ್ಳರು ಮಾಡುವುದನ್ನೇ ಅಚ್ಚುಕಟ್ಟಾಗಿ ಮಾಡಿದ್ದೆವು. ಕದ್ದ ಕಾರ್ಡು ಓಡುತ್ತದೋ ಇಲ್ಲವೋ ಎಂದು ನೋಡುವವರೂ ಹೀಗೆಯೇ ಒಂದು ಫೋನ್ ಹಿಡಿದು ಕಾರ್ಡಿನ ಮೇಲೆ ಕಾರ್ಡ್ ಹಾಕುತ್ತಾರಂತೆ. ಮರುದಿನ ಕಂಪನಿ ಖಾತೆ ಮುಚ್ಚಿತು. ಟೀಚರ್ ಫೋನ್ ಮಾಡಿ, "ನಿಮ್ಮಲ್ಲಿ ಕಾರ್ಡ್ ತಗೊಳ್ತಾನೇ ಇಲ್ವಲ್ಲ?" ಎಂದರು. ಅಕ್ಕ ಫೋನ್ ಇಟ್ಟು ನೆಲದ ಮೇಲೆ ಕೂತುಬಿಟ್ಟಳು. ಅವಳ ಮುಖ ನೋಡಿ ನನಗೆ ಅಳು ಬಂತು, ಭಾವನ ಕುತ್ತಿಗೆ ಹಿಸುಕುವ ಮನಸ್ಸು ಅದಕ್ಕಿಂತ ಹೆಚ್ಚಾಗಿ ಬಂತು.

"ಇದೆಲ್ಲ ಆಗಿಬರಲ್ಲ ಅಂತ ನಾನು ಮೊದ್ಲೇ ಹೇಳಿದ್ದೆ. ಗಲ್ಲಾ ಇದೆಯಲ್ಲ, ಬಿಡು," ಎಂದು ಭಾವ ಅಂಗಡಿಗೆ ಹೊರಟರು. ಅವರು ಹಾಗೆ ಹೇಳಿಯೇ ಇರಲಿಲ್ಲ.

ಅಂಗಡಿಯಲ್ಲಿ ಮೊದಲ ಗಿರಾಕಿ ಫ್ರಿಜ್ಜಿಗೆಂದು ಕಾರ್ಡ್ ಕೊಟ್ಟ. ಮಷೀನು ಒಲ್ಲೆ ಎಂದಿತು. ಅದೇ ಹೆಸರು, ಅದೇ ಬ್ಯಾಂಕ್ ಖಾತೆ, ಅದೇ ಕಂಪನಿ. ಕಂಪನಿಯವರು ಎರಡಕ್ಕೂ ಒಟ್ಟಿಗೇ ಬೀಗ ಜಡಿದಿದ್ದರು. ಭಾವ ಅವರಿಗೆ ಫೋನ್ ಮಾಡಿ, "ನಾನು ಯಾರು ಗೊತ್ತಾ?" ಎಂದು ಗದರಿಸಿದರಂತೆ. ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಸುದ್ದಿ ಕೇಳಿ ಅಕ್ಕ ಎದ್ದು ನಿಂತಳು. "ಅಂದ್ರೆ ನನ್ನ ಹೆಸರು ಅಲ್ಲಿ ಎಲ್ಲೂ ಇಲ್ಲ, ಅಲ್ವೇನೇ?"

"ಎಲ್ಲೂ ಇಲ್ಲ."

"ಹಾಗಾದ್ರೆ ಈಗ ಹಾಕು."

ಬೇರೆ ಕಂಪನಿ, ಅವಳದೇ ಹೆಸರು, ಅವಳದೇ ಬ್ಯಾಂಕ್ ಖಾತೆ. ನಡೆದದ್ದನ್ನು ಅಕ್ಕ ಮುಚ್ಚಿಡದೆ ಫೋನಿನಲ್ಲಿ ಅವರಿಗೆ ಹೇಳಿದಳು. ಸೋದರತ್ತೆಯ ಕಥೆ ಬಂದಾಗ ಆ ಕಡೆಯ ಹೆಂಗಸು ನಗು ತಡೆಯಲಾರದೆ ಕ್ಷಮೆ ಕೇಳಿದಳು. ಟೀಚರ್‌ಗೂ ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಸರಿ, ಕಾಯ್ತೀನಿ," ಎಂದರು ಆಕೆ. ಒಪ್ಪಿಗೆ ಬಂದ ಮೇಲೆ ಈ ಸಲ ಪರೀಕ್ಷೆಗೆ ಪರೀಕ್ಷೆಯ ಕಾರ್ಡೇ ಬಳಸಿದೆವು. ಶಾಲೆಯ ಹಣ ಬಂದ ದಿನ ಅಕ್ಕ ಚಪ್ಪಾಳೆ ತಟ್ಟಲಿಲ್ಲ, ಬಟ್ಟೆ ಕತ್ತರಿಸಲು ಕೂತಳು.

ಸಂಜೆ ಭಾವ ಬಂದು ಬಾಗಿಲಲ್ಲೇ ನಿಂತರು. "ಅಂಗಡೀದು ಸರಿಹೋಗೋವರೆಗೆ ಗಿರಾಕಿಗಳ ಕಾರ್ಡ್ ನಿನ್ನ ಖಾತೇಲಿ ತಗೋ."

"ಗೊಂಬೆ ಖಾತೇಲಿ ಫ್ರಿಜ್ಜು ಮಾರಿದ್ರೆ ನಂದೂ ಮುಚ್ತಾರೆ ರೀ. ಆಗಲ್ಲ." ಅಕ್ಕ ಕತ್ತರಿಯಿಂದ ಕಣ್ಣೆತ್ತಲಿಲ್ಲ. "ನಾಳೆಯಿಂದ ಗಲ್ಲಾಕ್ಕೂ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಸಂಬಳ ಕೊಡ್ಬೇಕಾಗುತ್ತೆ."

ಭಾವ ನನ್ನ ಕಡೆ ತಿರುಗಿ, "ಗಲ್ಲಾದಲ್ಲಿ ಕೂರೋರಿಗೆ ಎಷ್ಟು ಕೊಡ್ತಾರೆ?" ಎಂದು ಮೆಲ್ಲಗೆ ಕೇಳಿದರು. ಅಕ್ಕ ಅಲ್ಲಿ ಕೂತಿದ್ದ ಅಷ್ಟೂ ವರ್ಷ ಆ ಪ್ರಶ್ನೆ ಅವರ ಬಾಯಿಗೆ ಬಂದಿರಲಿಲ್ಲ.