ಹೂದಾನಿಯ ನೀರು

ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ ಮೈಕಿನ ಮುಂದೆ ನಿಂತು "ಅವರೊಬ್ಬ ಸಂತರು" ಎಂದಾಗಲೇ ತೀರಿಕೊಂಡವಳ ಮಗಳ ಮೂಗಿಗೆ ಆ ನಾತ ಬಡಿದದ್ದು. ಮೊದಲು ಅವಳು ತನ್ನ ಕೈಯನ್ನೇ ಮೂಸಿಕೊಂಡಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕಂಡವರ ಹೊಲಸು ಹೊದಿಕೆ ಒಗೆದು ಒಗೆದು, ಎಲ್ಲೇ ನಾರಿದರೂ ತಾನೇ ಇರಬೇಕು ಎಂಬ ಅನುಮಾನ ಅವಳಿಗೆ ಅಂಟಿಕೊಂಡುಬಿಟ್ಟಿತ್ತು. ಕೈಯಲ್ಲಿ ಬರೀ ಸೋಪಿನ ವಾಸನೆ. ನಾತ ಬರುತ್ತಿದ್ದದ್ದು ಬಲಿಪೀಠದ ಕೆಳಗೆ, ಅಮ್ಮನ ಫೋಟೊ ಪಕ್ಕ ಇಟ್ಟ ಹಿತ್ತಾಳೆಯ ದೊಡ್ಡ ಹೂದಾನಿಯಿಂದ. ಮೇಲೆ ಬೆಳ್ಳಗೆ ನಗುವ ತಾಜಾ ಲಿಲ್ಲಿ ಹೂ, ಕೆಳಗೆ ಕೊಳೆತ ನೀರು.

ಅಮ್ಮ ಸತ್ತು ತಿಂಗಳಾಗಿತ್ತು. ತಿಂಗಳ ಪೂಜೆ ಮುಗಿದು, ಈಗ ನೆನಪಿನ ನಾಲ್ಕು ಮಾತು ನಡೆದಿತ್ತು. ಅಮ್ಮ ಹಾಸಿಗೆ ಹಿಡಿದಾಗಿನಿಂದ ಯಾರೂ ಆ ನೀರು ಬದಲಿಸಿಲ್ಲ ಎಂದು ಮಗಳಿಗೆ ಮೂಗೇ ಹೇಳಿತು.

ಹೂ ಜೋಡಿಸುವುದಕ್ಕೆ ಸಂಘದಲ್ಲಿ ನಾ ಮುಂದು ತಾ ಮುಂದು. ಹಳೇ ನೀರು ಚೆಲ್ಲು ಅಂದರೆ ಎಲ್ಲರಿಗೂ ಸೊಂಟ ನೋವು. ಆ ಕೆಲಸ ಅಮ್ಮನದು. ಶನಿವಾರ ಸಂಜೆ ತೋಳು ಮಡಚಿ, ಜಪಮಾಲೆ ಕುತ್ತಿಗೆಗೆ ಹಾಕಿಕೊಂಡು, ಲೋಳೆಯೊಳಗೆ ಮೊಣಕೈವರೆಗೆ ಕೈಬಿಟ್ಟು ಉಜ್ಜುತ್ತಿದ್ದಳು. ಜೊತೆಗೆ ಅವಳ ಗೆಳತಿ, ಬೀದಿ ಮೂಲೆಯ ದರ್ಜಿ. ಕಸುಬನ್ನೂ ನಾಲಿಗೆಯನ್ನೂ ನೋಡಿ ಅಮ್ಮ ಅವಳಿಗಿಟ್ಟ ಹೆಸರು ಕತ್ತರಿ. ಮಗಳಿಗೆ ಅವಳು ಚಿಕ್ಕಮ್ಮ. ಸಂಬಂಧವೇನಿಲ್ಲ, ಚಿಕ್ಕಂದಿನ ರೂಢಿ.

"ಥೂ, ನಿನ್ನ ದೇವರ ಮನೇಲಿ ಇಷ್ಟು ಹೊಲಸಾ?" ಎನ್ನುವಳು ಕತ್ತರಿ.

"ಒಂದು ನಮೋ ಮರಿಯ ಹೇಳು, ನಾತ ಹೋಗತ್ತೆ."

"ನಿನ್ನ ಮಾತೆಗೆ ಮೂಗಿದ್ದಿದ್ರೆ ಯಾವತ್ತೋ ಎದ್ದು ಹೋಗಿರ್ತಿದ್ಲು!"

"ಇದೆ ಕಣೇ. ಅದಕ್ಕೇ ನಮ್ಮಿಬ್ಬರನ್ನ ಕರೆಸಿರೋದು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವರು. ಕತ್ತರಿ ಪೂಜೆಗೆ ಬರುವವಳೇ ಅಲ್ಲ, ಗೆಳತಿಯ ಜೊತೆ ನೀರು ಹೊರುವುದಕ್ಕಷ್ಟೇ ಬರುತ್ತಿದ್ದಳು. ಅಮ್ಮ ಮಾತ್ರ ಅವಳ ಹೆಸರಲ್ಲಿ ದಿನಾ ಒಂದು ಸುತ್ತು ಜಪಮಾಲೆ ಹೇಳಿ, ಹೇಳಿದೆ ಅಂತ ತಿಳಿಸಿ ರೇಗಿಸುತ್ತಿದ್ದಳು.

ಅಮ್ಮನ ಕಾಲಿನ ಹುಣ್ಣು ಕೊಳೆಯತೊಡಗಿದಾಗ ಸಂಘದವರು ಒಂದು ಸಲ ಬಂದರು. ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಒತ್ತಿ, "ನಿಮಗಾಗಿ ಪ್ರಾರ್ಥಿಸ್ತೀವಿ" ಎಂದು ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮಗಳು ಡ್ಯೂಟಿಗೆ ಹೋದಾಗೆಲ್ಲ ಪಟ್ಟಿ ಬಿಚ್ಚಿ, ಕೀವು ಒರೆಸಿ, ಹೊಸದು ಕಟ್ಟಿದ್ದು ಕತ್ತರಿ. ಕೊನೆಗೆ ಅಮ್ಮ ಮಗಳ ಹತ್ತಿರ ಕೇಳಿಕೊಂಡದ್ದು ಒಂದೇ: "ನನ್ನ ತಿಂಗಳ ಪೂಜೇಲಿ ಅವಳನ್ನ ಮುಂದಿನ ಬೆಂಚಲ್ಲಿ ನಿನ್ನ ಪಕ್ಕ ಕೂರಿಸ್ಕೋ. ತಾನಾಗಿ ಬರೋಳಲ್ಲ, ಹಠಮಾರಿ."

"ಆಗಲಮ್ಮ" ಎಂದಿದ್ದಳು ಮಗಳು.

ಆದರೆ ಇವತ್ತು ಬಾಗಿಲಲ್ಲೇ ಅಧ್ಯಕ್ಷೆ ಕತ್ತರಿಯ ಹೆಗಲ ಮೇಲೆ ಕೈಯಿಟ್ಟು, "ಮುಂದಿನ ಬೆಂಚು ಮನೆಯವರಿಗೆ, ಸಂಘದವರಿಗೆ" ಎಂದು ಸಕ್ಕರೆಯಂಥ ದನಿಯಲ್ಲಿ ಹಿಂದಕ್ಕೆ ಸಾಗಹಾಕಿದ್ದಳು. ಮಗಳು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ತಿವಿದ: "ಸುಮ್ನಿರೇ, ಇವತ್ತು ಜಗಳ ಬೇಡ." ಸುಮ್ಮನಾಗಿದ್ದಳು. ತನ್ನ ಮೇಲೇ ಅವಳಿಗೆ ಹೇಸಿಗೆಯಾಗಿತ್ತು.

"ಕೊನೆಯ ದಿನಗಳಲ್ಲಿ ನಾವೆಲ್ಲ ಅವರ ಹಾಸಿಗೆ ಪಕ್ಕದಲ್ಲೇ ಇದ್ದೆವು" ಎಂದು ಅಧ್ಯಕ್ಷೆ ಕಣ್ಣೊರೆಸಿಕೊಂಡಳು. ಅವತ್ತು ಮೂಗಿಗೆ ಒತ್ತಿದ್ದ ಅದೇ ಕರವಸ್ತ್ರ.

 

ಮಗಳು ಎದ್ದಳು. ಅಣ್ಣ ತೋಳು ಹಿಡಿದ, ಕೊಡವಿಕೊಂಡಳು. ಹೂದಾನಿಯಿಂದ ಲಿಲ್ಲಿಗಳನ್ನೆಲ್ಲ ಒಟ್ಟಿಗೆ ಕಿತ್ತಳು. ದಂಟಿನ ತುದಿಯಿಂದ ಕಂದು ಲೋಳೆ ಎಳೆಎಳೆಯಾಗಿ ಇಳಿಯುತ್ತಿತ್ತು. "ಸ್ವಲ್ಪ ಹಿಡ್ಕೊಳ್ಳಿ" ಎಂದು ಅಧ್ಯಕ್ಷೆಯ ಕೈಗೆ ತುರುಕಿದಳು.

"ಅಯ್ಯಯ್ಯೋ, ಏನಮ್ಮಾ ಇದು!" ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು.

ಹೂದಾನಿ ತಬ್ಬಿಕೊಂಡು ನಡುವಿನ ದಾರಿಯಲ್ಲಿ ನಡೆದಳು. ನೀರು ತುಳುಕಿ ಎದೆ ಒದ್ದೆಯಾಯಿತು. ಎರಡೂ ಕಡೆ ಸಾಲುಸಾಲಾಗಿ ಕರವಸ್ತ್ರಗಳು ಮೇಲೆದ್ದವು. ಕೊನೆಯ ಬೆಂಚಿನಿಂದ ಒಬ್ಬಳು ಮಾತ್ರ ಎದ್ದು ಬಂದಳು.

"ಕೊಡೇ ಒಂದು ಕಡೆ, ಸೊಂಟ ಮುರ್ಕೊಂಡೀಯ."

ಅಂಗಳದ ನಲ್ಲಿಯ ಹತ್ತಿರ ಇಬ್ಬರೂ ಬಗ್ಗಿಸಿ ಚೆಲ್ಲಿದರು. ಎಲೆ, ಲೋಳೆ, ಕಪ್ಪು ನೀರು ಗಬಗಬನೆ ಇಳಿಯಿತು. ಕತ್ತರಿ ತೋಳು ಮಡಚಿ ಒಳಗೆ ಕೈಬಿಟ್ಟಳು.

"ಥೂ, ಇಷ್ಟು ಹೊಲಸಾ..." ಎಂದವಳ ಮಾತು ಅಲ್ಲಿಗೇ ನಿಂತಿತು. ಉತ್ತರ ಕೊಡುವವಳು ಇರಲಿಲ್ಲ.

"ಒಂದು ನಮೋ ಮರಿಯ ಹೇಳು ಚಿಕ್ಕಮ್ಮ, ಹೋಗತ್ತೆ" ಎಂದಳು ಮಗಳು.

"ನಂಗೆ ಬರಲ್ಲ ಅಂದ್ಕೊಂಡ್ಯಾ? ನಿಮ್ಮಮ್ಮ ಕಿವಿ ತೂತಾಗೋ ಹಾಗೆ ಹೇಳಿದ್ದಾಳೆ" ಎಂದು ಗದರಿ, ಉಜ್ಜುತ್ತಲೇ ಬಾಯಲ್ಲಿ ಮಣಮಣ ಶುರುಮಾಡಿದಳು. ನಡುವೆ ಎರಡು ಸಲ ತಪ್ಪಿದಳು. ಮೂಗು ಸುರಿಯುತ್ತಿತ್ತು, ಕೈ ಹೊಲಸಾಗಿತ್ತು, ಮಗಳೇ ಒರೆಸಿದಳು.

ಹೊಸ ನೀರು ತುಂಬಿಕೊಂಡು ಇಬ್ಬರೂ ಒಳಗೆ ಬಂದರು. ಅಧ್ಯಕ್ಷೆ ಹೂಗಳನ್ನು ಮೈಯಿಂದ ಆದಷ್ಟು ದೂರ ಚಾಚಿ ಹಿಡಿದು ಮುಂದಿನ ಬೆಂಚಿನಲ್ಲಿ ಕೂತಿದ್ದಳು, ಮಗಳ ಜಾಗದ ಪಕ್ಕದಲ್ಲೇ. ಕತ್ತರಿ ಹಿಂದಕ್ಕೆ ಹೊರಟಳು. ಮಗಳು ಅವಳ ಒದ್ದೆ ಮಣಿಕಟ್ಟು ಬಿಡಲಿಲ್ಲ.

"ಸರೀರಿ" ಎಂದಳು ಅಧ್ಯಕ್ಷೆಗೆ. "ಮನೆಯವರು ಬಂದಿದ್ದಾರೆ."

ಮೊದಲು ಸರಿದದ್ದು ಅಣ್ಣ.